ತಂಗಡಿ ಹೂವು ಕುಡಿದ ಅಣ್ಣ

ಶುಗರ್ ಮೀಟರ್‌ನಲ್ಲಿ ಅಂಕಿಯೇ ಬರದೆ ಬರೀ ‘ಹೈ’ ಅಂತ ಬಂದರೆ ಏನರ್ಥ, ಗೊತ್ತೇ ನಿಮಗೆ? ನನಗೂ ಗೊತ್ತಿರಲಿಲ್ಲ. ಕಳೆದ ಭಾನುವಾರ ಮಾನ್ವಿಯಲ್ಲಿ ಗೊತ್ತಾಯಿತು.

ಮಾನ್ವಿಯಲ್ಲಿ ನಮ್ಮಣ್ಣನ ರೈಸ್ ಮಿಲ್ ಇದೆ. ಶುಗರ್ ಕಾಯಿಲೆಯೂ ಇದೆ. ಅವನ ಮಗಳು ಸುಜಾತಾ ರಾಯಚೂರಿನಲ್ಲಿ ನಮ್ಮ ಮನೆಯಲ್ಲಿದ್ದು ಫಾರ್ಮಸಿ ಓದುತ್ತಿದ್ದಾಳೆ. ತಂಗಡಿ ಹೂವಿನಿಂದ ಶುಗರ್ ಇಳಿಯುತ್ತದೆಯೇ ಅಂತ ಇಲಿಗಳ ಮೇಲೆ ಪರೀಕ್ಷಿಸುವುದು ಅವಳ ಪ್ರಾಜೆಕ್ಟ್. (ಹೊಲದ ಬದುವಿನಲ್ಲಿ ಹಳದಿ ಹೂ ಬಿಡುತ್ತದಲ್ಲ, ಅದೇ ಗಿಡ.) ಅವಳು ದೇವದುರ್ಗದ ಕಡೆ ಹೂ ಕೀಳಲು ಹೋದಾಗ ಕಾರು ಓಡಿಸಿದವನು ಅಣ್ಣನೇ.

ಹೋದ ತಿಂಗಳು ಇಲಿಗಳ ಶುಗರ್ ಇಳಿಯಿತು. ಸುಜಾತಾ ಫೋನ್ ಮಾಡಿ ಹೇಳಿದಳು. ಅಣ್ಣ ಮಿಲ್ಲಿನಲ್ಲೆಲ್ಲ ಪೇಢೆ ಹಂಚಿದ. (ತಾನು ತಿನ್ನಲಿಲ್ಲವಂತೆ. ನಂಬೋಣ.)

ಭಾನುವಾರ ನಾನೂ ಸುಜಾತಾಳೂ ಮಾನ್ವಿಗೆ ಊಟಕ್ಕೆಂದು ಹೋದರೆ ಅಣ್ಣ ಅರ್ಧ ಇಳಿದು ಹೋಗಿದ್ದಾನೆ. ತಂಬಿಗೆಗಟ್ಟಲೆ ನೀರು ಕುಡಿಯುತ್ತಾನೆ. ಮಾತು ತಡವರಿಸುತ್ತಿದೆ. ಸುಜಾತಾಗೆ ಅನುಮಾನ ಬಂತು. ಮೀಟರ್ ತೆಗೆದಳು. ‘ಹೈ’. ಮೀಟರ್ ಅಳೆಯಲಾರದಷ್ಟು ಶುಗರ್ ಏರಿದೆ ಅಂತ ಅರ್ಥವಂತೆ.

“ಯಪ್ಪಾ, ಗುಳಿಗಿ ತೊಗೊಳ್ಳಾಕತ್ತೀ ಇಲ್ಲೋ?”

ನಿಲ್ಲಿಸಿದ್ದೇನೆ ಅಂದ, ಹೆಮ್ಮೆಯಿಂದ. ದೇವದುರ್ಗದಿಂದ ಹೂ ತರಿಸಿ ದಿನವೂ ಕುದಿಸಿ ಕುಡಿಯುತ್ತಿದ್ದನಂತೆ. ಅತ್ತಿಗೆಗೂ ಹೇಳಿರಲಿಲ್ಲ.

ಕಾರು ರಾಯಚೂರಿನತ್ತ ಓಡಿತು. ಸ್ಟೀರಿಂಗ್ ನನ್ನ ಕೈಯಲ್ಲಿ, ಪಕ್ಕದಲ್ಲಿ ಅತ್ತಿಗೆ. ಹಿಂದಿನ ಸೀಟಿನಲ್ಲಿ ಸುಜಾತಾ ಅಪ್ಪನನ್ನು ಮಲಗಗೊಡದೆ ಮಾತಾಡಿಸುತ್ತಲೇ ಇದ್ದಳು.

“ನಾ ಇಲಿಗೆ ಕೊಟ್ಟೀನಿ ಯಪ್ಪಾ, ನಿನಗಲ್ಲ. ಆ ಇಲಿ ಕೊಯ್ದು ಲಿವರು, ಕಿಡ್ನಿ ನೋಡೂದು ಇನ್ನೂ ಬಾಕಿ ಅದ.”

ಅಣ್ಣನ ದನಿ ಕೇಳಿತು.

“ಮಗಳು ಮಾಡಿದ್ದನ್ನ ಅಪ್ಪನೇ ಕುಡೀಲಿಲ್ಲಂದ್ರ, ಊರ ಮಂದಿ ಹೆಂಗ ಕುಡೀತಾರವ್ವಾ?”

ಅವಳು ಕಿಟಕಿಯತ್ತ ಮುಖ ತಿರುಗಿಸಿದ್ದು ಕನ್ನಡಿಯಲ್ಲಿ ಕಂಡಿತು.

ಆಸ್ಪತ್ರೆಯಲ್ಲಿ ಸಲೈನ್, ಇನ್ಸುಲಿನ್ ಶುರುವಾಯಿತು. ಮರುದಿನ ಡಾಕ್ಟರು ಹೊರಗೆ ಬಂದು, ಇನ್ನು ಭಯವಿಲ್ಲ, ತಡವಾಗಿದ್ದರೆ ಕಷ್ಟವಿತ್ತು ಅಂದರು. ಅತ್ತಿಗೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ಮನಸಾರೆ ಅತ್ತರು. ನಾನು ಕ್ಯಾಂಟೀನಿಗೆ ಹೋಗಿ ಒಂದರ ಹಿಂದೊಂದು ಚಹಾ ಕುಡಿದೆ. ಚಹಾ ಅಷ್ಟು ರುಚಿಯಾಗಿರುತ್ತದೆಂದು ಗೊತ್ತೇ ಇರಲಿಲ್ಲ.

ಸುಜಾತಾ ಪ್ರಾಜೆಕ್ಟೇ ಬೇಡವೆಂದು ಹಟ ಹಿಡಿದಳು. ಬುದ್ಧಿ ಹೇಳಿದವರು ಡಾಕ್ಟರೇ. ಹೂವಿನಲ್ಲಿ ಗುಣ ಇದ್ದರೂ ಇರಬಹುದು, ಎಷ್ಟು ಕೊಡಬೇಕು, ಯಾರಿಗೆ ಕೊಡಬಾರದು ಅಂತ ತಿಳಿಯಲಿಕ್ಕೇ ಪರೀಕ್ಷೆ, ಅದನ್ನು ಅರ್ಧಕ್ಕೆ ಬಿಡಬೇಡ ಅಂದರು. ಅವಳು ಮತ್ತೆ ಲ್ಯಾಬಿಗೆ ಹೋಗುತ್ತಿದ್ದಾಳೆ. ಅಣ್ಣ ಅತ್ತಿಗೆಯ ಕಣ್ಣೆದುರೇ ಗುಳಿಗೆ ನುಂಗುತ್ತಿದ್ದಾನೆ. ಬೈಯೋಣವೆಂದು ಹೋಗಿದ್ದೆ, ಊಟ ಮಾಡಿಕೊಂಡು ಬಂದೆ.

ಔಷಧಿಯ ಡೋಸ್ ಡಾಕ್ಟರು ಬರೆದುಕೊಡುತ್ತಾರೆ. ಮಗಳ ಮೇಲಿನ ಅಭಿಮಾನದ ಡೋಸ್ ಯಾರು ಬರೆದುಕೊಡಬೇಕು?