ಕಾಲಲ್ಲಿ ತಳ್ಳಿದ ಬುಟ್ಟಿ

ಮಲ್ಲೇಶ್ವರದ ಆ ಸೂಪರ್‌ಮಾರ್ಕೆಟ್ಟಿನಲ್ಲಿ ಬಿಲ್ ಹಾಕುವ ಕೌಂಟರುಗಳು ನಾಲ್ಕು. ಆ ಭಾನುವಾರ ನಡೆಯುತ್ತಿದ್ದದ್ದು ಒಂದೇ. ಪಕ್ಕದ ಕೌಂಟರಿನಲ್ಲಿ ಕೆಲಸದವರಿಬ್ಬರು ಮೊಬೈಲ್ ನೋಡುತ್ತಾ ಕೂತಿದ್ದರು. ಮೊದಲಾಗಿದ್ದರೆ ಮ್ಯಾನೇಜರನ್ನು ಕರೆಸಿ ಜಗಳ ತೆಗೆಯುತ್ತಿದ್ದೆ. ಎಷ್ಟು ಸಲ ತೆಗೆದಿದ್ದೇನೋ. "ಮೇಲಿನವ್ರಿಗೆ ಹೇಳ್ತೀವಿ ಸರ್" ಎಂಬ ಅದೇ ಉತ್ತರ. ಈಗ ಸಿಟ್ಟೂ ಬರುವುದಿಲ್ಲ. ಸುಮ್ಮನೆ ನಿಲ್ಲುತ್ತೇನೆ.

ನನ್ನ ಮುಂದಿದ್ದ ಹಿರಿಯರೊಬ್ಬರು ತಮ್ಮ ಬುಟ್ಟಿಯನ್ನು ನೆಲದ ಮೇಲಿಟ್ಟು, "ಸ್ವಲ್ಪ ನೋಡ್ಕೊಳ್ಳಿ, ಈಗ್ಬಂದೆ" ಎಂದು ಹೋದರು. ಅದರಲ್ಲಿ ಅವಲಕ್ಕಿ, ಊದುಬತ್ತಿ, ಪಾತ್ರೆ ಉಜ್ಜುವ ಸೋಪು ಇದ್ದವು. ಸಾಲು ಸರಿದಾಗಲೆಲ್ಲ ಅದನ್ನು ಕಾಲಲ್ಲಿ ಮುಂದಕ್ಕೆ ತಳ್ಳಿದೆ. ಮುಕ್ಕಾಲು ಗಂಟೆ ತಳ್ಳಿದೆ.

ಕೌಂಟರ್ ಮುಟ್ಟಿದರೂ ಅವರ ಸುಳಿವಿಲ್ಲ. ಬಿಲ್ ಹಾಕುವಾಕೆ ನನ್ನ ಮುಖ ಕೂಡ ನೋಡದೆ, "ಸಿಸ್ಟಮ್ ಹ್ಯಾಂಗ್ ಆಗಿದೆ ಸರ್, ವೇಟ್ ಮಾಡಿ" ಎಂದಳು.

"ಎಷ್ಟೊತ್ತಾಗುತ್ತಮ್ಮಾ?"

"ಗೊತ್ತಿಲ್ಲ ಸರ್."

ಪಕ್ಕದ ಕೌಂಟರಿನವರು ತಲೆ ಎತ್ತಲಿಲ್ಲ.

ನನ್ನ ಬುಟ್ಟಿಯನ್ನೂ ಆ ಹಿರಿಯರ ಬುಟ್ಟಿಯ ಪಕ್ಕದಲ್ಲೇ ಇಟ್ಟೆ. ಹಿಂದೆ ನಿಂತಿದ್ದ ಹೆಂಗಸಿಗೆ, "ಸ್ವಲ್ಪ ನೋಡ್ಕೊಳ್ಳಿ ಮೇಡಂ, ಈಗ್ಬಂದೆ" ಎಂದು ಹೇಳಿ ಹೊರಗೆ ಬಂದೆ.

ಎದುರಿನ ದರ್ಶಿನಿಯಲ್ಲಿ ಆ ಹಿರಿಯರು ನಿಂತಿದ್ದರು. ನನ್ನನ್ನು ಕಂಡು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

"ಬೈಟೂ ಕಾಫಿ ಹೇಳ್ಲಾ?" ಎಂದರು.

ತಲೆಯಾಡಿಸಿದೆ. ಬುಟ್ಟಿಯ ವಿಷಯ ಅವರು ಕೇಳಲಿಲ್ಲ. ನನ್ನದನ್ನು ಯಾರು ತಳ್ಳುತ್ತಿದ್ದಾರೆಂದು ನಾನೂ ತಿರುಗಿ ನೋಡಲಿಲ್ಲ.