ಕಾಕಾನ ಸ್ವಂತ ಮುಚ್ಚಳಿಕೆ

ಕೂತಲ್ಲಿ ಕೂರುವುದು ನನ್ನ ಜಾಯಮಾನವಲ್ಲ. ಮಾನ್ವಿ ಕೋರ್ಟಿನಲ್ಲಿ ವಕೀಲಿಕೆ ಶುರು ಮಾಡಿದ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಂತೂ ನನ್ನ ಕಾಲು ಒಂದು ಕಡೆ ನಿಂತದ್ದೇ ಕಡಿಮೆ. ಕೋರ್ಟಿನ ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ಜವಾನ ನೋಡಿ ನೋಡಿ ಸಾಕಾಗಿ, "ವಕೀಲ್ ಸಾಬ್, ಫರಸಿಕಲ್ಲು ಸವದು ಹೋದಾವು, ಸ್ವಲ್ಪ ಕುಂದರ್ರಿ" ಅನ್ನುತ್ತಿದ್ದ. ಕೂತರೆ ಮಂಡಿ ಕುಣಿಯುತ್ತಿತ್ತು.

ನಮ್ಮ ಓಣಿಯಿಂದ ಕರಿಕೋಟು ಹಾಕಿದ ಮೊದಲಿಗ ನಾನು. ಉಳಿದವರೆಲ್ಲ ಬೆನ್ನಿನ ಮೇಲೆ ಚೀಲ ಹೊತ್ತವರು. ಅಪ್ಪ ಬೇಗ ತೀರಿಹೋದ. ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ಹಮಾಲಿ ಮಾಡಿ ನನ್ನನ್ನು ಓದಿಸಿದವನು ಅಪ್ಪನ ತಮ್ಮ, ನನ್ನ ಕಾಕಾ. ಅವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನನ್ನ ಪುಸ್ತಕಗಳ ಮೇಲೆ ಯಾರಾದರೂ ಚಾದ ಬಟ್ಟಲು ಇಟ್ಟರೆ ಹೊಡೆಯಲು ಹೋಗುತ್ತಿದ್ದ. ನಾನು ವಕೀಲನಾಗುವ ಹೊತ್ತಿಗೆ ಅವನು ಗಂಜು ಬಿಟ್ಟು ಪೋತ್ನಾಳದ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲನಾಗಿದ್ದ.

ಆ ಗಿರಣಿಯಲ್ಲಿ ಅಕ್ಕಿ ಚೀಲ ಕಡಿಮೆ ಬಿದ್ದವು. ಮಾಲೀಕ ಕಾಕಾನ ಮೇಲೆ ಕಳವಿನ ಫಿರ್ಯಾದಿ ಕೊಟ್ಟ. ಯಾಕೆ ಕಾಕಾನೇ ಎಂದು ಕೇಳಿದರೆ ಉತ್ತರ ಸರಳ: ಹಿಂದಿನ ತಿಂಗಳು ಹಮಾಲರ ಕೂಲಿ ಹೆಚ್ಚಿಸಿ ಎಂದು ಮುಂದೆ ನಿಂತು ಕೇಳಿದವನು ಅವನೇ. ಪೊಲೀಸರು ಹಿಡಿದರು, ಮ್ಯಾಜಿಸ್ಟ್ರೇಟರು ರಾಯಚೂರಿನ ಜೈಲಿಗೆ ಕಳಿಸಿದರು. ವಾರ ತುಂಬುವುದರೊಳಗೆ ನಾನು ಜಾಮೀನು ಮಾಡಿಸಿದೆ. ಆದರೆ ಹುಕುಮಿನಲ್ಲಿ ಒಂದು ಸಾಲಿತ್ತು: ಹೊಲದ ಪಹಣಿ ಇರುವ ಒಬ್ಬ ಜಾಮೀನುದಾರನನ್ನು ತರಬೇಕು.

ಪಹಣಿ ಅಂದರೆ ಹೊಲ ಯಾರ ಹೆಸರಿನಲ್ಲಿದೆ ಎಂದು ಹೇಳುವ ಸರಕಾರಿ ಕಾಗದ. ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಆ ಕಾಗದ ಇರಲಿಲ್ಲ, ಹೊಲವಿದ್ದರೆ ತಾನೆ! ಹೊಲವಿದ್ದ ಪೋತ್ನಾಳದ ಮಂದಿ ಗಿರಣಿಯವನ ಎದುರು ಸಹಿ ಹಾಕಲು ತಯಾರಿರಲಿಲ್ಲ. ಒಬ್ಬರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟು, "ತಮ್ಮಾ, ನಿನ್ನ ಕಾಕಾ ಬಂಗಾರದಂಥಾ ಮನುಷ್ಯ. ಆದ್ರ ನಮ್ಮ ಭತ್ತ ಅದೇ ಗಿರಣಿಗೆ ಹೋಗಬೇಕಲ್ಲಪಾ" ಎಂದರು. ಮಜ್ಜಿಗೆಯ ಲೋಟವನ್ನು ಅಲ್ಲೇ ಕಟ್ಟೆಯ ಮೇಲಿಟ್ಟೆ. ಎದ್ದು ಬಂದೆ.

ಚಿಗವ್ವ, ಅಂದರೆ ಕಾಕಾನ ಹೆಂಡತಿ, ದಿನಾ ಮೊದಲ ಬಸ್ಸಿಗೆ ಪೋತ್ನಾಳದಿಂದ ಮಾನ್ವಿಗೆ ಬಂದು ಕೋರ್ಟಿನ ಬೇವಿನ ಗಿಡದ ಕೆಳಗೆ ಕೂರುತ್ತಿದ್ದಳು. ನಾನು ಹಾದುಹೋದಾಗಲೆಲ್ಲ ಒಂದೇ ಮಾತು: "ಇವತ್ತರೆ ಬಿಡತಾರೇನಪಾ?" ಅವಳ ಮುಖ ನೋಡಲಾಗದೆ ನಾನು ಹಿಂದಿನ ಬಾಗಿಲಿನಿಂದ ಓಡಾಡಲು ಶುರು ಮಾಡಿದೆ.

ಆಗಲೇ ನಮ್ಮ ವಕೀಲರ ಸಂಘದ ಚುನಾವಣೆ ಬಂತು. ಜಾಮೀನಿಗೆ ತಕರಾರು ಹಾಕುವ ಸರಕಾರಿ ವಕೀಲರನ್ನು ನಮ್ಮಲ್ಲಿ ಯಾರೂ ಓಟು ಹಾಕಿ ಆರಿಸುವುದಿಲ್ಲ. ಆದರೆ ಆ ಕುರ್ಚಿಗೆ ಯಾರು ಯೋಗ್ಯರು ಎಂದು ಜಿಲ್ಲೆಯಿಂದ ವಿಚಾರಿಸಿದಾಗ ಸಂಘದ ಅಧ್ಯಕ್ಷನ ಮಾತಿಗೆ ತೂಕವಿತ್ತು. ಹಾಗಾಗಿ ಅಧ್ಯಕ್ಷನ ಚುನಾವಣೆ ಎಂದರೆ ಅರ್ಧ ಸರಕಾರಿ ವಕೀಲನ ಚುನಾವಣೆಯೇ ಆಗಿತ್ತು. ಸಾಮಾನ್ಯವಾಗಿ ಜಗಳವಾಗುತ್ತಿದ್ದದ್ದು ಫ್ಯಾನು, ಕುರ್ಚಿ, ನೀರಿನ ಮಡಕೆಯ ಬಗ್ಗೆ. ಆ ವರ್ಷ ಮಾತ್ರ ಜಾಮೀನಿನ ಮಾತು ಬಂತು.

ತಂದವರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ, ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಕಾನೂನು ಓದಿದ್ದ ಒಬ್ಬ ಹಿರಿಯ ವಕೀಲರು. ಮಾಸಿದ ಶೇರವಾನಿ, ಒಂದೇ ಜೊತೆ ಚಪ್ಪಲಿ. ಬಡವನಿಗೆ ಜಾಮೀನುದಾರ ಸಿಗದಿದ್ದರೆ ಅವನ ಸ್ವಂತ ಮುಚ್ಚಳಿಕೆಯ ಮೇಲೆ, ಅಂದರೆ ತಾರೀಖಿಗೆ ತಪ್ಪದೆ ಬರುತ್ತೇನೆಂಬ ಅವನದೇ ಹೆಬ್ಬೆಟ್ಟಿನ ಮೇಲೆ, ಬಿಡಬೇಕು ಎಂದು ದಿಲ್ಲಿಯ ದೊಡ್ಡ ಕೋರ್ಟು ಹೇಳಿಯಾಗಿತ್ತು. ನಮ್ಮ ತಾಲೂಕಿಗೆ ಆ ಮಾತು ಇನ್ನೂ ಮುಟ್ಟಿರಲಿಲ್ಲ. ಹಿರಿಯರು ಹೇಳಿದರು: "ನಾನು ಗೆದ್ದರ ಈ ಕೋರ್ಟಿನ್ಯಾಗ ಗರೀಬನ ಹೆಬ್ಬಟ್ಟಿಗೂ ಕಿಮ್ಮತ್ತು ಬರಬೇಕು." ಎದುರು ನಿಂತವರು ನಕ್ಕರು. ಊರಿನ ದೊಡ್ಡವರ ಹಿಡಿತವಿಲ್ಲದೆ ಬಿಟ್ಟರೆ ಆರೋಪಿ ತುಂಗಭದ್ರೆ ದಾಟಿ ಆಂಧ್ರದಲ್ಲಿ ಮಾಯವಾಗುತ್ತಾನೆ, ಆಮೇಲೆ ಹುಡುಕುವವರು ಯಾರು ಎಂಬುದು ಅವರ ವಾದ.

ನನಗೆ ಮೈಯೆಲ್ಲ ಬೆಂಕಿ ಹತ್ತಿಕೊಂಡಿತು. ಅದೇ ದಿನ ಅರ್ಜಿ ಬರೆದೆ: ಕಾಕಾನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಸರಕಾರಿ ವಕೀಲರು ತಕರಾರು ಹಾಕಲು ಸಮಯ ಕೇಳಿದರು, ವಿಚಾರಣೆ ಚುನಾವಣೆಯ ಮುಂದಿನ ವಾರಕ್ಕೆ ಹೋಯಿತು. ನಾನು ಹಿರಿಯರ ಪರವಾಗಿ ವಕೀಲರ ಮನೆಮನೆಗೆ ತಿರುಗಿ ಓಟು ಕೇಳಿದೆ. ಎಲ್ಲರಿಗೂ ಕಾಕಾನ ಕತೆಯನ್ನೇ ಹೇಳುತ್ತಿದ್ದೆ. ಚೆನ್ನಾಗಿಯೇ ಹೇಳುತ್ತಿದ್ದೆ. ಕೇಳಿದವರು ಲೊಚಗುಟ್ಟುತ್ತಿದ್ದರು. ಆ ಲೊಚಗುಟ್ಟುವಿಕೆ ನನಗೆ ರುಚಿಸಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಚುನಾವಣೆಗೆ ಎರಡು ದಿನ ಇರುವಾಗ ಮಧ್ಯಾಹ್ನ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ಅಗಲ ಬೆನ್ನು. ಕಂಡ ಕೂಡಲೇ ಗುರುತು ಸಿಕ್ಕಿತು. ದೇವದುರ್ಗದ ಆಚೆ ಕೃಷ್ಣಾ ದಂಡೆಯ ಗೂಗಲ್ಲಿನ ರೈತ. ಎಪ್ಪತ್ತರ ದಶಕದಲ್ಲಿ ಹೊಲವನ್ನು ತಮ್ಮನಿಗೆ ಬಿಟ್ಟು ಕೆಲವು ವರ್ಷ ರಾಯಚೂರಿನ ಗಂಜಿನಲ್ಲಿ ಕಾಕಾನ ಜೊತೆ ಹಮಾಲಿ ಮಾಡಿದ್ದರು. ಹಮಾಲರಲ್ಲಿ ಒಂದು ಪದ್ಧತಿ ಇದೆ. ತುಂಬಿದ ಚೀಲವನ್ನು ಯಾರೂ ತಾವೇ ಎತ್ತಿ ಬೆನ್ನಿಗೆ ಹಾಕಿಕೊಳ್ಳುವುದಿಲ್ಲ, ಜೋಡಿ ಆಳು ಎತ್ತಿ ಏರಿಸಬೇಕು. ಇವರಿಬ್ಬರೂ ಜೋಡಿ. ಜಾತಿ ಬೇರೆ, ಬುತ್ತಿ ಒಂದೇ. ಇವರು ಊರಿಗೆ ಮರಳಿದ ಮೇಲೂ ಕಾಕಾ ಬಾಯಿ ತೆರೆದರೆ "ನಮ್ಮ ಗೂಗಲ್ ದೋಸ್ತ" ಅನ್ನುತ್ತಿದ್ದ.

ಜೈಲಿನಿಂದ ಬಿಡುಗಡೆಯಾದ ಒಬ್ಬನ ಕೈಯಲ್ಲಿ ಕಾಕಾ ಇವರಿಗೆ ಸುದ್ದಿ ಮುಟ್ಟಿಸಿದ್ದನಂತೆ. ನನಗೆ ಅದು ಗೊತ್ತಿರಲಿಲ್ಲ.

"ಪಹಣಿ ತಂದೀನ್ರೀ," ಎಂದು ಅವರು ಟವೆಲ್ಲಿನ ಗಂಟು ಬಿಚ್ಚಿ ಕಾಗದ ತೆಗೆದರು. "ಎಲ್ಲಿ ಸಹಿ ಹಾಕಬೇಕು ಹೇಳ್ರಿ. ನಮ್ಮ ಮಂದಿ ಬ್ಯಾಡ ಅಂದ್ರು, ಅವನ ಸಲುವಾಗಿ ನೀ ಯಾಕ ಕಟಗಟಿ ಹತ್ತತಿ ಅಂತ ಜಗಳಾನೂ ಮಾಡಿದ್ರು. ನಾ ಕೇಳಲಿಲ್ಲ."

ನಾನು ಆ ಕಾಗದವನ್ನು ಕೈಯಲ್ಲಿ ಹಿಡಿದೆ. ಎಲ್ಲ ಸರಿಯಾಗಿತ್ತು. ಆ ದಿನವೇ ಕೋರ್ಟಿನ ಮುಂದೆ ಇಟ್ಟಿದ್ದರೆ ಮರುದಿನ ಸಂಜೆಯೊಳಗೆ ಕಾಕಾ ಹೊರಗೆ ಬರುತ್ತಿದ್ದ.

ಇಟ್ಟರೆ ನನ್ನ ಅರ್ಜಿ ಅಲ್ಲಿಗೇ ಮುಗಿಯುತ್ತಿತ್ತು. ಜಾಮೀನುದಾರ ಸಿಕ್ಕನಲ್ಲ, ಇನ್ನೇನು ನಿಮ್ಮ ಸ್ವಂತ ಮುಚ್ಚಳಿಕೆ ಎಂದು ಎದುರಿನವರು ನಗುತ್ತಿದ್ದರು. ಓಟಿಗೆ ಎರಡೇ ದಿನ ಇರುವಾಗ ನಮ್ಮ ಹಿರಿಯರು ಎತ್ತಿದ ಮಾತೇ ಅವರ ಕೈಜಾರುತ್ತಿತ್ತು. ನಾನು ವರಾಂಡದಲ್ಲಿ ಎರಡು ಸುತ್ತು ಹಾಕಿದೆ. ಅವರು ಟವೆಲ್ಲು ಹಿಡಿದು ನಿಂತೇ ಇದ್ದರು.

"ಬ್ಯಾಡ್ರಿ ಯಪ್ಪಾ," ಎಂದೆ. "ಯಾರ ಜಾಮೀನೂ ಬೇಕಾಗಿಲ್ಲ. ಅವನ ಮಾತಿನ ಮ್ಯಾಲ ಅವನ್ನ ಬಿಡಸ್ತೀನಿ."

"ನಂದು ಹೊಲ ಸಣ್ಣದು ಅಂತ ಏನ್ರೀ?"

"ಹಂಗಲ್ರೀ. ಇದು ಕಾಯ್ದೆದ ಮಾತು."

"ಇನ್ನ ಎಷ್ಟು ದಿವಸ ಆಗತದ?"

"ಒಂದು ವಾರ, ಹತ್ತು ದಿವಸ."

ಅವರು ನನ್ನ ಮುಖವನ್ನೇ ನೋಡಿದರು. ಬೈಯಲಿಲ್ಲ. ಪಹಣಿಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಗಂಟು ಹಾಕಿಕೊಂಡು, ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸು ಎಷ್ಟಕ್ಕೆ ಎಂದು ಜವಾನನನ್ನು ಕೇಳಿ ಹೊರಟರು. ಬೇವಿನ ಗಿಡದ ಕೆಳಗಿಂದ ಎದ್ದು ಚಿಗವ್ವ ಆ ಹೊತ್ತಿಗೆ ನೀರು ಕುಡಿಯಲು ಹೋಗಿದ್ದಳು. ಅವಳು ಅವರನ್ನು ನೋಡಲಿಲ್ಲ ಎಂದು ನನಗೆ ಆಗ ಸಮಾಧಾನವಾಯಿತು. ಹಿರಿಯ ವಕೀಲರಿಗೂ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ಏನು ಅನ್ನುತ್ತಿದ್ದರು ಎಂದು ನನಗೆ ಗೊತ್ತಿತ್ತು. ಮೊದಲು ಮನುಷ್ಯನನ್ನು ಹೊರಗೆ ತಾ ಎನ್ನುತ್ತಿದ್ದರು.

ಶನಿವಾರ ನಾವು ಎರಡೇ ಓಟಿನಿಂದ ಗೆದ್ದೆವು. ಹಿರಿಯರಿಗೆ ಹೂವಿನ ಹಾರ ಹಾಕಿದೆವು. ಅವರ ಕಣ್ಣಲ್ಲಿ ನೀರು ಬಂತು. ನನ್ನನ್ನು ಕರೆದು ಬೆನ್ನು ತಟ್ಟಿದರು. ನಾನು ಹಿಗ್ಗಬೇಕಿತ್ತು, ಆದರೆ ಗೂಗಲ್ಲಿನವರ ಟವೆಲ್ಲಿನ ಗಂಟೇ ನೆನಪಾಗುತ್ತಿತ್ತು. ಭಾನುವಾರ ಜೈಲಿಗೆ ಹೋಗಿ ಕಾಕಾನನ್ನು ಕಂಡು ಎಲ್ಲ ಹೇಳೋಣ ಎಂದುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಜೈಲಿನ ಬಾಗಿಲ ತನಕ ಹೋಗಿ, ವಿಚಾರಣೆ ಮುಗಿದ ಮೇಲೆ ಒಂದೇ ಸಲ ಬಂದರಾಯಿತು ಎಂದು ನನಗೆ ನಾನೇ ಹೇಳಿಕೊಂಡು ತಿರುಗಿ ಬಂದೆ.

ಮುಂದಿನ ವಾರ ಅರ್ಜಿ ವಿಚಾರಣೆಗೆ ಬಂತು. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ವಾದ ಮಾಡಿಲ್ಲ. ಹೊಸ ಅಧ್ಯಕ್ಷರು ಹಿಂದಿನ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಹುಕುಮು ಬರೆಸಿದರು. ನನಗೆ ತಿಳಿದ ಮಟ್ಟಿಗೆ ಆ ಕೋರ್ಟಿನಿಂದ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದ ಮೊದಲ ಮನುಷ್ಯ ನನ್ನ ಕಾಕಾ. ಮುಂದೆ ಎಷ್ಟೋ ಕೂಲಿಯವರು, ಕಲ್ಲು ಒಡೆಯುವವರು ಆ ಹುಕುಮನ್ನು ತೋರಿಸಿಯೇ ಹೊರಗೆ ಬಂದರು. ಹಿರಿಯರ ಹಟ ದಂಡವಾಗಲಿಲ್ಲ. ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ, ಅದನ್ನು ಬಿಟ್ಟುಕೊಡುವುದಿಲ್ಲ. ಕಾಕಾನ ಮೇಲಿನ ಕೇಸು ಕೂಡ ಸಾಕ್ಷಿಯಿಲ್ಲದೆ ಮುಂದೆ ಬಿದ್ದುಹೋಯಿತು.

ಗೂಗಲ್ಲಿನವರು ಬಂದುಹೋದ ಒಂಬತ್ತನೆಯ ದಿನ ಬೆಳಿಗ್ಗೆ ಕಾಕಾ ಜೈಲಿನಿಂದ ಹೊರಗೆ ಬಂದ. ಗಡ್ಡ ಬೆಳೆದಿತ್ತು, ಅಂಗಿ ಸಡಿಲಾಗಿತ್ತು. ನಾನು ಕಾಲು ಮುಟ್ಟಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ, ಆದರೆ ಕಣ್ಣು ನನ್ನ ಹಿಂದೆ ರಸ್ತೆಯಲ್ಲಿ ಯಾರನ್ನೋ ಹುಡುಕುತ್ತಿತ್ತು. ಬಸ್ ನಿಲ್ದಾಣದ ತನಕ ನಡೆದು ಬಂದೆವು. ನಾನು ದಾರಿಯುದ್ದಕ್ಕೂ ಹುಕುಮಿನ ಬಗ್ಗೆಯೇ ಮಾತಾಡಿದೆ. ಹೋಟೆಲ್ಲಿನಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ, ಚಾ ತರಿಸಿದೆ. ಅವನು ತಿನ್ನಲಿಲ್ಲ.

"ಕಾಕಾ, ಮಾನ್ವಿ ಕೋರ್ಟಿನ್ಯಾಗ ಹಿಂಗ ಬಂದಾವ ನೀನ ಮೊದಲನೇದವ. ಯಾರ ಹಂಗೂ ಇಲ್ಲ."

"ಹೂಂ," ಎಂದ. "ಒಳಗ ದಿನಾ ಸಂಜೀಕ ಹೆಸರು ಕರೀತಾರ. ಇಂಥಾವ, ಅವಗ ಜಾಮೀನಾದಾವ ಇಂಥಾವ, ಅಂತ ಎರಡು ಹೆಸರು ಒದರತಾರ. ಎಂಥೆಂಥಾ ಕಳ್ಳರಿಗೂ ಎರಡು ಹೆಸರು. ನನಗ ಇವತ್ತು ನನ್ನ ಹೆಸರೊಂದ ಒದರಿದ್ರು."

"ಅದು ಮರ್ಯಾದಿ ಕಾಕಾ."

"ಹಮಾಲಿ ಮಾಡಿದ ಮನ್ಯಾಗ ಹುಟ್ಟಿ ಹಂಗ ಅಂತಿಯಲ್ಲೋ. ಚೀಲಕ್ಕ ಯಾರೂ ಕೈ ಹಚ್ಚಲಿಲ್ಲ ಅಂದ್ರ ಅದು ಮರ್ಯಾದಿ ಏನು? ಒಳಗಿದ್ದವರೆಲ್ಲಾ ನಕ್ಕರು. ಇವನಿಗೆ ಭೂಮಿ ಮ್ಯಾಲ ಒಬ್ಬಾಂವ ಇಲ್ಲ ಅಂದ್ರು." ನನ್ನ ಕಡೆ ನೋಡದೆ, "ಗೂಗಲ್ಲಿಗೆ ಹೇಳಿ ಕಳಿಸಿದ್ದೆ," ಎಂದ. "ಸುದ್ದಿ ಮುಟ್ಟಿತಂತ. ಬರಲಿಲ್ಲ ಅವ."

ಆ ಕ್ಷಣದಲ್ಲಿ ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ಅವರಿಗೆ ಮೈ ನೆಟ್ಟಗಿರಲಿಲ್ಲ ಎನ್ನಬಹುದಿತ್ತು. ನನ್ನ ಮಂಡಿ ಮೇಜಿನ ಕೆಳಗೆ ಕುಣಿಯುತ್ತಿತ್ತು, ಚಾದ ಲೋಟಗಳು ಅಲುಗಾಡುತ್ತಿದ್ದವು.

"ಬಂದಿದ್ರು ಕಾಕಾ. ಪಹಣಿ ತಗೊಂಡ ಬಂದಿದ್ರು. ನಾನ ಬ್ಯಾಡ ಅಂತ ಕಳಿಸಿದೆ."

"ಯಾವಾಗ?"

"ಚುನಾವಣಿ ಮುಂಚೆ. ಒಂಬತ್ತು ದಿವಸ ಆತು."

ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ. ಅವನು ಎರಡೂ ಕೈಯಿಂದ ಮುಖ ಒರೆಸಿಕೊಂಡು ಎದ್ದು ಹೊರಗೆ ನಡೆದ. ನಾನು ಬಿಲ್ಲು ಕೊಟ್ಟು ಓಡಿಬರುವಷ್ಟರಲ್ಲಿ ದೇವದುರ್ಗದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ.

"ಕಾಕಾ, ಚಿಗವ್ವ ಮನ್ಯಾಗ ದಾರಿ ನೋಡಾಕತ್ಯಾಳ. ಅಡಗಿ ಮಾಡಿಟ್ಟಾಳ."

ಅವನು ತಿರುಗಿದ. ಕಾಲು ಮೆಟ್ಟಿಲ ಮೇಲೇ ಇತ್ತು.

"ಒಂಬತ್ತು ದಿವಸ ಒಳಗ ಕುಂತು ಅವನಿಗೆ ಬೈದೀನೋ, ಬಾಯಿಗೆ ಬಂದಂಗ ಬೈದೀನಿ," ಎಂದ. "ನನ್ನ ಸಲುವಾಗಿ ಓಡಾಡಾಕತ್ತಾನಂತ ನಿನಗ ಆಶೀರ್ವಾದ ಮಾಡೀನಿ."

ಕಂಡಕ್ಟರು ಸೀಟಿ ಊದಿದ.