ತಣ್ಣನೆಯ ಇಂಜಿನ್ ಬೇಕೆನ್ನುವ ನನ್ನ ತಂಗಿ

ನನ್ನ ತಂಗಿಯ ಬಗ್ಗೆ ಒಳ್ಳೆಯ ಮಾತು ಬೇಕಾದರೆ ಬೇರೆ ಯಾರನ್ನಾದರೂ ಕೇಳಿ. ಊರಿನಲ್ಲಿ ಹಳೇ ಕಾರು ಕೊಂಡವರು ಬೇಕಾದಷ್ಟು ಜನ ಇದ್ದಾರೆ, ಅವಳನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಾರೆ. ನಾನು ಹಳೇ ಕಾರು ಮಾರುವವನು. ನಮ್ಮ ಬೀದಿಯುದ್ದಕ್ಕೂ ತಗಡಿನ ಚಪ್ಪರ ಹಾಕಿಕೊಂಡು ಇದೇ ಕಸುಬು ಮಾಡುವ ನಾವೆಲ್ಲ ಅವಳನ್ನು ಕರೆಯುವುದು ಗ್ರಹಣ ಅಂತ. ಅವಳ ಸ್ಕೂಟರ್ ತಿರುವಿನಲ್ಲಿ ಕಂಡರೆ ಸಾಕು, ಮೊದಲ ಅಂಗಡಿಯವನು ಮಿಕ್ಕವರಿಗೆ ಫೋನು ಹಚ್ಚಿ "ಗ್ರಹಣ ಹಿಡೀತು" ಅನ್ನುತ್ತಾನೆ. ಆ ಹೆಸರು ಇಟ್ಟವನು ನಾನೇ. ಅದರಲ್ಲಿ ನನಗೆ ನಾಚಿಕೆಯೇನೂ ಇಲ್ಲ.

ಅವಳ ಕೆಲಸ ಇಷ್ಟೇ. ಹಳೇ ಕಾರು ಕೊಳ್ಳುವವರು ಅವಳನ್ನು ಜೊತೆಗೆ ಕರೆತರುತ್ತಾರೆ, ಅವಳು ಗಾಡಿ ನೋಡಿ ಹೂಂ ಅಥವಾ ಉಹೂಂ ಅನ್ನುತ್ತಾಳೆ. ಹೂಂ ಅಂದದ್ದು ನಾನು ಕಾಣೆ. ಅದರಲ್ಲೂ ಅವಳ ಕಣ್ಣು ಪಟಾಕಿಗಳ ಮೇಲೆ. ಪಟಾಕಿ ಅಂದರೆ ನಮ್ಮ ಬೀದಿಯ ಮಾತಿನಲ್ಲಿ ಪುಟ್ಟ ಮೈಯ, ದೊಡ್ಡ ಉಸಿರಿನ ಕಾರು. ನೋಡಿದರೆ ತರಕಾರಿ ತರುವ ಗಾಡಿ, ಪೆಡಲ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳಬೇಕು. ಇಂಥವು ಸಾಧು ಜನರ ಕೈಯಿಂದ ಬರುವುದಿಲ್ಲ. ಮೊದಲನೆಯ ಒಡೆಯ ಹಿಂಡಿರುತ್ತಾನೆ, ಎರಡನೆಯವನು ಹಿಂಡಿದ್ದನ್ನೇ ಹಿಂಡಿರುತ್ತಾನೆ, ಮೂರನೆಯವನು ಎಲ್ಲೋ ಒಂದು ಕಡೆ ಗುದ್ದಿರುತ್ತಾನೆ. ಆಮೇಲೆ ಅದು ನಮ್ಮ ಚಪ್ಪರಕ್ಕೆ ಬರುತ್ತದೆ. ನಾವು ತೊಳೆದು, ಉಜ್ಜಿ, ಹೊಳಪು ಕೊಟ್ಟು ನಿಲ್ಲಿಸುತ್ತೇವೆ. ವ್ಯಾಪಾರ ಅಂದಮೇಲೆ ಸ್ವಲ್ಪ ಪಾಲಿಶ್ ಇದ್ದೇ ಇರುತ್ತದೆ. ನೆಂಟರು ಬಂದಾಗ ಹರಿದ ಹಾಸಿಗೆಯ ಮೇಲೆ ಒಳ್ಳೆಯ ಹೊದಿಕೆ ಹಾಸುವುದಿಲ್ಲವೇ, ಹಾಗೆ.

ಇವಳು ಬಂದವಳೇ ಹೊದಿಕೆ ಎತ್ತುತ್ತಾಳೆ. ನಮಸ್ಕಾರ ಇಲ್ಲ, ನೀರು ಕೊಟ್ಟರೆ ಮುಟ್ಟುವುದಿಲ್ಲ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾಳೆ. ಬೆಚ್ಚಗಿದ್ದರೆ ಅಲ್ಲಿಗೆ ಕಥೆ ಮುಗಿಯಿತು. "ಬಿಸಿ ಇಂಜಿನ್ ಹತ್ರ ನಂಗೆ ಮಾತಿಲ್ಲ" ಅಂದು ಸ್ಕೂಟರ್ ಹತ್ತುತ್ತಾಳೆ. ಏಕೆಂದರೆ ಇಂಜಿನ್ನಿನೊಳಗಿನ ಚೈನ್ ಸವೆದಿದ್ದರೆ ಅದು ತಣ್ಣಗಿದ್ದಾಗಲೇ ಕಟಕಟ ಅನ್ನುವುದು. ಒಮ್ಮೆ ಓಡಿಸಿ ಬಿಸಿ ಮಾಡಿಟ್ಟರೆ ಬಾಯಿ ಮುಚ್ಚಿಕೊಂಡಿರುತ್ತದೆ. ಇದು ನಮಗೂ ಗೊತ್ತು, ಅದಕ್ಕೇ ಬಿಸಿ ಮಾಡುವುದು.

ಬಾನೆಟ್ ತಣ್ಣಗಿದ್ದರೆ ನಮ್ಮ ಪಾಡು ಇನ್ನೂ ಕಷ್ಟ. ಬಾಗಿಲ ಸಂದಿಗೆ ಬೆರಳು ತೂರಿಸಿ ಎಡಗಡೆಯ ಸಂದಿಗೂ ಬಲಗಡೆಯದಕ್ಕೂ ತಾಳೆ ನೋಡುತ್ತಾಳೆ. ಮುಂಚಕ್ರದ ಮೇಲಿನ ತಗಡು, ಅಂದರೆ ರೆಕ್ಕೆ, ಅದರ ಬೋಲ್ಟುಗಳ ಮೇಲಿನ ಬಣ್ಣ ಸುಲಿದಿದೆಯೇ ಅಂತ ಟಾರ್ಚು ಬಿಟ್ಟು ನೋಡುತ್ತಾಳೆ. ಸುಲಿದಿದ್ದರೆ ರೆಕ್ಕೆ ಬಿಚ್ಚಿ ಹಾಕಿದ್ದಾರೆ, ಅಂದರೆ ಗುದ್ದಿದೆ. ನಾಲ್ಕು ಟೈರೂ ಒಂದೇ ಕಂಪನಿಯದಾ ಅಂತ ನೋಡುವುದಲ್ಲದೆ ಒಳಮೈಯನ್ನೂ ಸವರುತ್ತಾಳೆ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಮುಚ್ಚಿದ ಸಣ್ಣ ತೂತು ಕಂಡರೆ ಮುಗಿಯಿತು. "ಇಲ್ಲಿ ಟರ್ಬೋ ಮೀಟರ್ ಕೂರ್ಸಿದ್ರು. ಶಕ್ತಿ ಹೆಚ್ಚಿಸ್ಕೊಂಡು ರೇಸ್ ಓಡ್ಸಿ, ಮಾರೋವಾಗ ಕಿತ್ತಿದ್ದಾರೆ" ಅನ್ನುತ್ತಾಳೆ. ಆಮೇಲೆ ಓಡಿಸುತ್ತಾಳೆ. ಮೇಲಿನ ಗೇರಿನಲ್ಲಿ ನಿಧಾನ ಹೋಗುತ್ತಾ ಪೂರ್ತಿ ಪೆಡಲ್ ಒತ್ತಿ, ವೇಗ ಏರದೆ ಬರೀ ಇಂಜಿನ್ ಅರಚಿದರೆ ಕ್ಲಚ್ ಸತ್ತಿದೆ ಅನ್ನುತ್ತಾಳೆ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿ, ಕನ್ನಡಿಯಲ್ಲಿ ನೀಲಿ ಹೊಗೆ ಹುಡುಕುತ್ತಾಳೆ. ಹೀಗೆ ಹುಡುಕಿದರೆ ಯಾರ ಸಂಸಾರದಲ್ಲಿ ಹೊಗೆ ಸಿಗುವುದಿಲ್ಲ ಹೇಳಿ!

ಇದನ್ನೆಲ್ಲ ಕಲಿಸಿದವರು ನಮ್ಮಪ್ಪ. ಅವರದು ಎರಡು ಗಾಡಿ ಹಿಡಿಸುವ ರಿಪೇರಿ ಶೆಡ್ಡು, ಹಿಂದೆಯೇ ಮನೆ. ನಮ್ಮಿಬ್ಬರನ್ನೂ ಕಣ್ಣು ಮುಚ್ಚಿ ನಿಲ್ಲಿಸಿ ಇಂಜಿನ್ ಚಾಲೂ ಮಾಡಿ, ಏನು ಕೆಟ್ಟಿದೆ ಹೇಳಿ ಅನ್ನುತ್ತಿದ್ದರು. ನಾನು ಯೋಚಿಸುವಷ್ಟರಲ್ಲಿ ಅವಳು ಹೇಳಿಬಿಡುತ್ತಿದ್ದಳು. ಅಪ್ಪ ಅವಳ ಬೆನ್ನು ತಟ್ಟುವುದು, ನನ್ನ ಕಡೆ ನೋಡುವುದು. ನೋಡಿದ್ದೇ ಸಾಕಿತ್ತು ನನಗೆ ಉರಿಯಲು. ಮುಂದೆ ಅವಳಿಗೆ ಮದುವೆಯಾಯಿತು. ಗಂಡ ಅನ್ನುವ ಮಹಾಶಯ ಮಗಳು ಹುಟ್ಟಿದ ಮೇಲೆ ಕೆಲಸ ಹುಡುಕಿಕೊಂಡು ಹೋದವನು, ಇನ್ನೂ ಹುಡುಕುತ್ತಲೇ ಇದ್ದಾನೆ. ಇವಳು ಕಂಪನಿಯ ವರ್ಕ್‌ಶಾಪಿನಲ್ಲಿ ರಿಪೇರಿಯಾದ ಗಾಡಿ ಓಡಿಸಿ ನೋಡುವ ಕೆಲಸಕ್ಕೆ ಸೇರಿದಳು. ಅಲ್ಲಿ ಮ್ಯಾನೇಜರನ ಜೊತೆ ಕಾಲು ಕೆರೆದು ಜಗಳವಾಡಿ ಬಿಟ್ಟಳು. ಜಗಳ ಅವಳಿಗೆ ಕೂತರೂ ಬೇಕು, ನಿಂತರೂ ಬೇಕು.

ಆಮೇಲೆ ಈ ತಪಾಸಣೆಯ ದಂಧೆ ಹಿಡಿದಳು. ಹಿಡಿದವಳು ಮೊಟ್ಟಮೊದಲು ಬಂದದ್ದು ಯಾರ ಚಪ್ಪರಕ್ಕೆ? ಒಡಹುಟ್ಟಿದ ಅಣ್ಣನ ಚಪ್ಪರಕ್ಕೆ! ಒಬ್ಬ ಮೇಷ್ಟರು ನನ್ನ ಬಳಿ ಬಿಳಿ ಪಟಾಕಿಯೊಂದನ್ನು ಮೆಚ್ಚಿ, ಇನ್ನೇನು ಕೈ ಕುಲುಕಬೇಕು, ಇವಳು ಡಿಕ್ಕಿಯೊಳಗಿನ ಹಾಸು ಎತ್ತಿ ತೋರಿಸಿದಳು.

"ಇಲ್ಲಿ ನೋಡಿ ಸಾರ್. ವೆಲ್ಡಿಂಗು. ಹಿಂದಿನ ಅರ್ಧ ಬೇರೆ ಗಾಡೀದು."

"ಏಯ್, ನಾನು ನಿನ್ನ ಅಣ್ಣ ಕಣೇ" ಅಂದೆ.

"ಗೊತ್ತು" ಅಂದಳು. "ಅದಕ್ಕೇ ಎಲ್ಲಿ ನೋಡ್ಬೇಕು ಅಂತ್ಲೂ ಗೊತ್ತಿತ್ತು."

ಮೇಷ್ಟರು ನಕ್ಕರು. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಅಮ್ಮನ ಮನೆಗೆ ಹೋದರೆ ಅವಳು ಅಡುಗೆಮನೆಯಲ್ಲಿ, ನಾನು ಹೊರಗಿನ ಕೋಣೆಯಲ್ಲಿ. ಅಮ್ಮ ನಡುವೆ ಓಡಾಡಿ ಸುದ್ದಿ ಮುಟ್ಟಿಸುತ್ತಾಳೆ. "ನನ್ನ ಕಾಲು ಸವೆಸ್ಬೇಡಿ, ನಿಮ್ಮ ಜಗಳ ನೀವೇ ಆಡ್ಕೊಳ್ಳಿ" ಅಂತ ಒಮ್ಮೆ ಇಬ್ಬರಿಗೂ ಬೈದಳು. ಮಾತಾಡುವುದು ನಮಗೆ ಚಪ್ಪರದಲ್ಲಿ ಮಾತ್ರ, ಅದೂ ಗಾಡಿಯ ಹೆಸರಿನಲ್ಲಿ, ಅದೂ ಬೀದಿಗೆಲ್ಲ ಕೇಳುವ ಹಾಗೆ.

ಈಚೆಗೆ ಅವಳು ಹೊಸದೊಂದು ಜಂಬ ಕಲಿತಿದ್ದಳು. ಓಡಿಸಿ ನೋಡುವಾಗ ಕೊಳ್ಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು "ಏನ್ ಕೇಳಿಸ್ತು ಹೇಳಿ, ನೀವೂ ಕಲೀರಿ" ಅನ್ನುವುದು. ಈಗ ಪಾಠಶಾಲೆ ಬೇರೆ ತೆಗೆದಿದ್ದಾಳೆ ಅಂತ ನಾವೆಲ್ಲ ಮೂಗು ಮುರಿದೆವು.

ಹೀಗಿರುವಾಗ ಒಂದು ನೀಲಿ ಪಟಾಕಿ ನನ್ನ ಚಪ್ಪರಕ್ಕೆ ಬಂತು. ಎರಡೇ ಬಾಗಿಲು, ಅಗಲ ಚಕ್ರ, ನಿಂತಲ್ಲೇ ಓಡುವ ಹಾಗೆ ಕಾಣುವ ಗಾಡಿ. ಅದನ್ನು ದಾರಿಯಲ್ಲಿ ಹೋಗುತ್ತಾ ನೋಡಿದ ನನ್ನ ಸೋದರ ಸೊಸೆ, ಅಂದರೆ ಇವಳ ಮಗಳು, ಕೊಂಡರೆ ಇದನ್ನೇ ಕೊಳ್ಳುವುದು ಅಂತ ಹಟ ಹಿಡಿದಿದ್ದಾಳೆಂದು ಅಮ್ಮ ಹೇಳಿದಳು. ಆ ಹುಡುಗಿಗೆ ಘಟ್ಟದಾಚೆಯ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ. ದಿನಾ ಆ ತಿರುವುಗಳಲ್ಲಿ ಲಾರಿಗಳ ಸಂದಿಯಲ್ಲಿ ಹೋಗಿ ಬರಬೇಕು. ಹಟದಲ್ಲಿ ಅವಳು ತಾಯಿಯ ತದ್ರೂಪ. ಆದರೂ ನನ್ನನ್ನು ಕಂಡರೆ "ಮಾವ" ಅಂತ ಬಾಯಿ ತುಂಬ ಕರೆಯುತ್ತಾಳೆ. ಆ ಮನೆಯಲ್ಲಿ ನನಗೆ ಮರ್ಯಾದೆ ಕೊಡುವವಳು ಅವಳೊಬ್ಬಳೇ.

ನೀಲಿ ಗಾಡಿಯ ಚೈನ್ ಜೋತು ಬಿದ್ದಿತ್ತು. ನನಗೆ ಗೊತ್ತಿತ್ತು. ಚೈನ್ ಹಲ್ಲು ಹಾರಿದರೆ ಇಂಜಿನ್ ಓಡುತ್ತಿರುವಾಗಲೇ ನಿಂತುಬಿಡುತ್ತದೆ, ಸ್ಟೇರಿಂಗು ಕಲ್ಲಾಗುತ್ತದೆ. ಆದರೆ ಗಾಡಿ ಬಂದಾಗ, ಅದನ್ನು ಕೊಳ್ಳಲು ಬರುವವನು ನನಗೇನು ನೆಂಟನೇ ಅಂತ ಸುಮ್ಮನಿದ್ದೆ; ಹುಡುಗಿಯ ಹಟ ಕೇಳಿದ ಮೇಲೂ, ಅವಳಮ್ಮ ಹೇಗೂ ಉಹೂಂ ಅನ್ನುತ್ತಾಳೆ ಬಿಡು ಅಂದುಕೊಂಡೆ.

ಅವತ್ತು ಬೆಳಿಗ್ಗೆ "ಗ್ರಹಣ ಹಿಡೀತು" ಅಂತ ಫೋನು ಬಂತು. ಅಭ್ಯಾಸಬಲ, ಓಡಿಹೋಗಿ ಚಪ್ಪರದಲ್ಲಿದ್ದ ಪಟಾಕಿಗಳನ್ನೆಲ್ಲ ಚಾಲೂ ಮಾಡಿ, ಬಿಸಿಯಾದ ಮೇಲೆ ಆರಿಸಿಟ್ಟೆ. ಹಾಗೆ ಮಾಡಿದರೆ ಅವಳು ಬಾನೆಟ್ ಮುಟ್ಟಿ ತಿರುಗಿ ಹೋಗುತ್ತಾಳೆ, ನನ್ನ ಪೀಡೆ ತೊಲಗುತ್ತದೆ. ಬಂದಳು, ಒಬ್ಬಳೇ. ಸೀದಾ ನೀಲಿ ಗಾಡಿಯ ಮೇಲೆ ಅಂಗೈ ಇಟ್ಟಳು. ಕೈ ಇಟ್ಟ ಜಾಗ ಬಿಸಿಯಾಗಿತ್ತು, ನನಗೆ ಗೊತ್ತು. ಅವಳು ಹೋಗಲಿಲ್ಲ.

"ಚಾಲೂ ಮಾಡು" ಅಂದಳು.

ನನಗೆ ಆಶ್ಚರ್ಯವಾಯಿತು. ಚಾಲೂ ಮಾಡಿದೆ. ಹಾಳಾದ ಗಾಡಿ, ಬಿಸಿಯಾಗಿದ್ದರೂ ಅವತ್ತು ಬಾಯಿ ಮುಚ್ಚಲಿಲ್ಲ. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಅನ್ನತೊಡಗಿತು. ಈಗ ಬೈಗುಳ ಶುರು ಅಂತ ಹಲ್ಲು ಕಚ್ಚಿ ನಿಂತೆ. ಅವಳು ಬಾನೆಟ್ಟಿನ ಮೇಲೆ ಬಗ್ಗಿ, ತಲೆ ಒಂದು ಕಡೆ ವಾಲಿಸಿ, ಅಪ್ಪ ನಿಲ್ಲುತ್ತಿದ್ದ ಹಾಗೇ ನಿಂತು, "ಪರ್ವಾಗಿಲ್ಲ. ಮೈಯೂ ನೆಟ್ಟಗಿದೆ" ಅಂದಳು.

ನನಗೆ ಅನುಮಾನ ಬಂತು. ಗಾಡಿ ಆರಿಸಿ, ಮುಖ ಆಚೆ ತಿರುಗಿಸಿ ಮೆಲ್ಲಗೆ "ಚೈನ್ ಹೋಗಿದೆ" ಅಂದೆ. ಅವಳು ಟೈರು ಸವರುತ್ತಿದ್ದಳು. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಅಂದೆ. ತಲೆಯೆತ್ತಲಿಲ್ಲ. ನಾನು ತಿರುಗಿದಾಗ ಮಾತ್ರ ನನ್ನ ಬಾಯಿಯನ್ನೇ ದಿಟ್ಟಿಸಿ "ಏನಂದೆ?" ಅಂತ ಕೇಳಿದಳು. ಆಗ ಹೊಳೆಯಿತು. ಕೊಳ್ಳುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನು ಕೇಳಿಸ್ತು ಅನ್ನುತ್ತಿದ್ದದ್ದು ಪಾಠ ಹೇಳಲು ಅಲ್ಲ. ಇಂಜಿನ್ ಬಿಸಿಯೋ ತಣ್ಣಗೋ, ಅವಳ ಪಾಲಿಗೆ ಎರಡೂ ಒಂದೇ ಆಗಿಹೋಗಿತ್ತು.

ಸುಳ್ಳೇಕೆ ಹೇಳಲಿ, ನನಗೆ ಸಂತೋಷವಾಯಿತು. ಹೊಟ್ಟೆ ತಣ್ಣಗಾಗುವಷ್ಟು ಸಂತೋಷ. ಊರಿಗೆಲ್ಲ ಬುದ್ಧಿ ಹೇಳುವವಳು ಸ್ವಂತ ಮಗಳಿಗೆ ನನ್ನ ಕೈಯಿಂದ ಡಬ್ಬಾ ಗಾಡಿ ಕೊಂಡುಹೋಗಲಿ. ಆಮೇಲೆ ಬೀದಿಗೆ ಹೇಳಿದರೆ ಸಾಕು, ನಾಳೆಯಿಂದ ಅವಳನ್ನು ಯಾರೂ ಕರೆಯುವುದಿಲ್ಲ. ಗ್ರಹಣ ಬಿಟ್ಟಿತು. ಹಾಗೆ ಅಂದುಕೊಳ್ಳುತ್ತಾ ಬೀಗದಕೈ ತೆಗೆದು ಅವಳ ಕೈಗೆ ಕೊಡಲು ಹೋದೆ.

ಕೈ ಅರ್ಧಕ್ಕೇ ನಿಂತಿತು. ಘಟ್ಟದ ತಿರುವಿನಲ್ಲಿ ಲಾರಿಯನ್ನು ದಾಟುತ್ತಿರುವ ಆ ಹುಡುಗಿ ಕಣ್ಣ ಮುಂದೆ ಬಂದಳು. ಎಂಥ ಮನೆಹಾಳು ನೆಂಟಸ್ತಿಕೆ ಇದು! ದ್ವೇಷವನ್ನಾದರೂ ನೆಮ್ಮದಿಯಾಗಿ ಮಾಡಲು ಬಿಡುವುದಿಲ್ಲ. ಮೆಲ್ಲಗೆ ಹೇಳಿದರೆ ಇವಳಿಗೆ ಕೇಳದು. ಗಟ್ಟಿಯಾಗಿ ಹೇಳಿದರೆ ಬೀದಿಗೆ ಕೇಳುತ್ತದೆ, ಈ ಗಾಡಿಯನ್ನು ಆಮೇಲೆ ನಾಯಿಯೂ ಮೂಸುವುದಿಲ್ಲ. ಸಿಟ್ಟು ನೆತ್ತಿಗೇರಿತು. ಅವಳ ಮುಖಕ್ಕೆ ಮುಖ ಕೊಟ್ಟು ಗಂಟಲು ಹರಿಯುವ ಹಾಗೆ ಕಿರುಚಿದೆ.

"ಕಣ್ಣಿಲ್ವೇನೇ ನಿಂಗೆ? ಇದರ ಚೈನ್ ಜೋತು ಬಿದ್ದಿದೆ! ಇಂಥ ಡಬ್ಬಾನ ಮಗಳಿಗೆ ಕೊಡ್ತೀಯಾ? ತೊಲಗು ಇಲ್ಲಿಂದ!"

ಬೀದಿಯಲ್ಲಿ ಪಾಲಿಶ್ ಮಾಡುವ ಯಂತ್ರಗಳೆಲ್ಲ ನಿಂತವು. ಅವಳ ಮುಖ ಬಿಳಿಚಿಕೊಂಡಿತು. ಚೈನ್ ಅನ್ನುವ ಮಾತು ತಲುಪಿತ್ತು. ಅವಳ ಗುಟ್ಟು ನನಗೆ ಗೊತ್ತಾಗಿಹೋಗಿದೆ ಅನ್ನುವುದೂ ತಲುಪಿತ್ತು. ಬಿಸಿ ಬಾನೆಟ್ಟಿನ ಮೇಲೆ ಅಂಗೈಯೊತ್ತಿ ನೋಡಿದಳು, ಮತ್ತೆ ತೆಗೆದಳು.

"ಯಾವಾಗಿಂದ?" ಅಂತ ಸದ್ದಿಲ್ಲದೆ ಬಾಯಿ ಮಾತ್ರ ಆಡಿಸಿ ಕೇಳಿದೆ.

"ಹೋದ್ ಸಲ ಜ್ವರ ಬಂತಲ್ಲ, ಅವಾಗಿಂದ" ಅಂದಳು ಮೆಲ್ಲಗೆ. ಮರುಕ್ಷಣವೇ ಸೆಟೆದು ನಿಂತಳು. "ಹೋಗು, ಹೇಳು. ಎಲ್ರಿಗೂ ಹೇಳು. ಇದಕ್ಕೇ ತಾನೆ ಕಾಯ್ತಿದ್ದದ್ದು?"

ನಾನು ಬೀಗದಕೈ ಜೇಬಿಗೆ ಹಾಕಿಕೊಂಡೆ. ಅವಳು ಸ್ಕೂಟರಿನತ್ತ ನಡೆದಳು. ಅಷ್ಟರಲ್ಲಿ ಪಕ್ಕದ ಚಪ್ಪರದವನು ಕೈ ಒರೆಸಿಕೊಳ್ಳುತ್ತಾ ಬಂದ. ಮೂಗು ತೂರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

"ಏನಪ್ಪಾ, ಅಷ್ಟು ಹತ್ರ ನಿಂತ್ಕೊಂಡು ಹಂಗೆ ಕೂಗ್ತಿದ್ದೆ? ಈ ನಡುವೆ ನಾನೂ ನೋಡ್ತಿದ್ದೀನಿ. ಅವಳಿಗೇನು ಕಿವಿ ಕೇಳಲ್ವಾ?"

ತಂಗಿ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ನನ್ನ ಬಾಯಿಯ ಮೇಲೆಯೇ ಕಣ್ಣು ನೆಟ್ಟು ನಿಂತಿದ್ದಳು.

"ಕಿವಿ ಕೇಳಲ್ವಾ?" ಅಂದೆ, ಪ್ರತಿಯೊಂದು ಮಾತನ್ನೂ ಬಿಡಿಸಿ ಬಿಡಿಸಿ. "ಬಿಸಿ ಇಂಜಿನ್ ಒಳಗಿನ ಚೈನ್ ಸದ್ದು ಗೇಟಿನ ಹತ್ರಾನೇ ಕೇಳಿಸ್ಕೊಂಡ್ಳು ಕಣಯ್ಯಾ! ಮೊದಲು ಅವಳೇ ಹೇಳಿ, ಮಗಳಿಗೆ ಅರ್ಧ ಬೆಲೆಗೆ ಕೊಡು ಅಂದ್ಳು. ಅದಕ್ಕೇ ಮೈ ಉರಿದು ಕೂಗಿದೆ. ಪಿಶಾಚಿ ಕಿವಿ ಅದು. ನನ್ನ ವ್ಯಾಪಾರ ಮಣ್ಣು ಮಾಡಿದ್ಳು."

ಅವನು "ಅಬ್ಬಾ!" ಅಂದು ತನ್ನ ಪಟಾಕಿಗಳ ಕಡೆಗೆ ಓಡಿದ. ತಂಗಿಯ ಕಣ್ಣು ತುಂಬಿದ್ದು ಕಂಡಿತು, ಅದನ್ನು ನನಗೆ ತೋರಿಸಿದ್ದಕ್ಕೆ ಅವಳಿಗೆ ಸಿಟ್ಟು ಬಂದದ್ದೂ ಕಂಡಿತು. ಹೆಲ್ಮೆಟ್ ತಲೆಗೆ ಹಾಕಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ "ಕಳ್ಳ!" ಅಂದು ಸ್ಕೂಟರ್ ಹತ್ತಿ ಹೋದಳು.